ಕಣ್ಣಿಗೆ ಬೀಳದ ಲೆಕ್ಕ

ಕೇಳುಗರೇ, ನಮಸ್ಕಾರ.

ಪೆಟ್ರೋಲಿನಿಂದ ಶುರು ಮಾಡೋಣ. ಒಂದು ಲೀಟರ್ ಪೆಟ್ರೋಲಿನ ತೂಕ ಸುಮಾರು 740 ಗ್ರಾಂ. ಮುಕ್ಕಾಲು ಕಿಲೋ ಅಂದುಕೊಳ್ಳಿ. ಅದು ಎಂಜಿನ್ನಿನಲ್ಲಿ ಉರಿದು ಮುಗಿದಾಗ ಸೈಲೆನ್ಸರಿನಿಂದ ಹೊರಗೆ ಬರುವ ಇಂಗಾಲದ ಡೈಆಕ್ಸೈಡ್ ಎಷ್ಟು ಗೊತ್ತೇ? ಹತ್ತಿರ ಹತ್ತಿರ 2.3 ಕಿಲೋ. ಒಳಗೆ ಹೋದದ್ದಕ್ಕಿಂತ ಮೂರು ಪಟ್ಟು ಜಾಸ್ತಿ.

ಎಲ್ಲಿಂದ ಬಂತು ಈ ತೂಕ? ಗಾಳಿಯಿಂದ. ಇಂಗಾಲದ ಒಂದು ಪರಮಾಣುವಿನ ತೂಕ 12 ಅಂತ ಇಟ್ಟುಕೊಂಡರೆ ಆಮ್ಲಜನಕದ್ದು 16. ಉರಿಯುವಾಗ ಒಂದು ಇಂಗಾಲಕ್ಕೆ ಎರಡು ಆಮ್ಲಜನಕ ಕೂಡಿಕೊಳ್ಳುತ್ತವೆ. 12 ಇದ್ದದ್ದು 44 ಆಗುತ್ತದೆ. ಅಷ್ಟೇ ಲೆಕ್ಕ, ಶಾಲೆಯಲ್ಲಿ ಕಲಿತದ್ದೇ. 40 ಲೀಟರಿನ ಟ್ಯಾಂಕ್ ಖಾಲಿ ಮಾಡಿದರೆ 90 ಕಿಲೋಗೂ ಜಾಸ್ತಿ ಅನಿಲ ದಾರಿಯುದ್ದಕ್ಕೂ ಬಿಟ್ಟು ಬಂದಿರುತ್ತೇವೆ. ಅಂದರೆ ಒಬ್ಬ ದಪ್ಪನೆಯ ಮನುಷ್ಯನ ತೂಕ.

ಇದೇ 90 ಕಿಲೋ ಕಸವಾಗಿ ಕಾರಿನ ಹಿಂದಿನಿಂದ ಬೀಳುತ್ತಾ ಹೋಗಿದ್ದರೆ ಹತ್ತು ಜನ ನಿಲ್ಲಿಸಿ ಬೈಯುತ್ತಿದ್ದರು. ನಮಗೇ ನಾಚಿಕೆ ಆಗುತ್ತಿತ್ತು. ಆದರೆ ಈ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಹಾಗಾಗಿ ಅದು ಲೆಕ್ಕಕ್ಕೇ ಬರುವುದಿಲ್ಲ.

ಇವತ್ತು ನಾನು ಹೇಳಬೇಕೆಂದಿರುವುದು ಇದನ್ನೇ. ಪರಿಸರಕ್ಕೆ ನಮ್ಮಿಂದ ಏನಾಗುತ್ತಿದೆ ಎಂದು ಯೋಚಿಸುವಾಗ ನಾವು ಕಣ್ಣಿಗೆ ಬಿದ್ದದ್ದನ್ನು ನೋಡುತ್ತೇವೆ. ನಿಜವಾದ ಭಾರ ಇರುವುದು ಬೇರೆ ಕಡೆ. ಯಾವುದು ದೊಡ್ಡದು, ಯಾವುದು ಚಿಕ್ಕದು ಎನ್ನುವ ಅಂದಾಜು ಇಲ್ಲದೆ ಬರುವ ಪರಿಸರ ಪ್ರಜ್ಞೆ ಹೆಚ್ಚೆಂದರೆ ಸ್ವಲ್ಪ ಅಪರಾಧಿ ಭಾವನೆ ತರುತ್ತದೆ. ಅದರಿಂದ ಯಾರಿಗೂ ಉಪಯೋಗ ಇಲ್ಲ.

ಈ ಅಂದಾಜು ನಮ್ಮಲ್ಲಿ ಎಷ್ಟು ತಪ್ಪಿದೆ ಎಂದು ಅಳೆದು ನೋಡಿದವರಿದ್ದಾರೆ. 2010ರಲ್ಲಿ ಶಹಜೀನ್ ಅತ್ತಾರಿ ಎಂಬ ಸಂಶೋಧಕಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಅದು. ಅಮೆರಿಕದ 505 ಜನರನ್ನು ಕೇಳಿದರು: ಶಕ್ತಿ ಉಳಿಸಲು ನೀವು ಮಾಡಬಹುದಾದ ಅತಿ ಪರಿಣಾಮಕಾರಿ ಕೆಲಸ ಯಾವುದು? ಎಲ್ಲಕ್ಕಿಂತ ಹೆಚ್ಚು ಸಲ ಬಂದ ಉತ್ತರ, ದೀಪ ಆರಿಸುವುದು! ಕಡಿಮೆ ವಿದ್ಯುತ್ ಬಳಸುವ ಯಂತ್ರ ತರುವುದು, ಮನೆಯ ಬಿಸಿ ಹೊರಗೆ ಸೋರದಂತೆ ಮಾಡುವುದು ಇಂಥವನ್ನು ಹೇಳಿದವರು ತೀರಾ ಕಡಿಮೆ. ಯಾವ ಉಪಕರಣ ಎಷ್ಟು ವಿದ್ಯುತ್ ತಿನ್ನುತ್ತದೆ ಎಂದು ಊಹಿಸಲು ಹೇಳಿದಾಗ, ಸಣ್ಣ ಸಾಮಾನುಗಳ ವಿಷಯದಲ್ಲಿ ಜನ ಸುಮಾರಾಗಿ ಸರಿಯಾಗಿದ್ದರು. ದೊಡ್ಡವುಗಳ ವಿಷಯದಲ್ಲಿ ತುಂಬಾ ಕಡಿಮೆ ಅಂದಾಜು ಮಾಡಿದರು.

ದೀಪ ಯಾಕೆ ಮೊದಲು ನೆನಪಾಗುತ್ತದೆ? ಕಾಣುತ್ತದಲ್ಲ, ಅದಕ್ಕೇ. ಉರಿಯುತ್ತಿದೆ ಅಂತ ಗೊತ್ತಾಗುತ್ತದೆ, ಸ್ವಿಚ್ಚು ಕೈಗೆ ಸಿಗುತ್ತದೆ. ನೀರು ಕಾಯುವುದು ಯಾರಿಗೂ ಕಾಣುವುದಿಲ್ಲ.

ಈಗ ಈ ನೀರು ಕಾಯಿಸುವುದನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4,200 ಜೂಲ್ ಶಕ್ತಿ ಬೇಕು. ಇದು ಎಲ್ಲಿ ಹೋದರೂ ಬದಲಾಗದ ಲೆಕ್ಕ. 20 ಡಿಗ್ರಿ ಇರುವ 20 ಲೀಟರ್ ನೀರನ್ನು ಸ್ನಾನಕ್ಕೆ 40 ಡಿಗ್ರಿಗೆ ತಂದರೆ ಹೆಚ್ಚುಕಡಿಮೆ ಅರ್ಧ ಯೂನಿಟ್ ವಿದ್ಯುತ್ ಆಯಿತು. ಅದೇ ಅರ್ಧ ಯೂನಿಟ್‌ನಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬು ಎರಡು ಹಗಲು ಎರಡು ರಾತ್ರಿ ಬಿಡದೆ ಉರಿಯುತ್ತದೆ. ಮೊಬೈಲನ್ನು ಇಪ್ಪತ್ತಕ್ಕೂ ಹೆಚ್ಚು ಸಲ ಪೂರ್ತಿ ಚಾರ್ಜ್ ಮಾಡಬಹುದು. ಇದು 20 ಲೀಟರಿನ ಮಾತು. ಷವರ್ ಕೆಳಗೆ ಹತ್ತು ನಿಮಿಷ ನಿಂತರೆ 80 ಲೀಟರ್ ಸುಲಭವಾಗಿ ಹೋಗುತ್ತದೆ. ಆಮೇಲೆ ಹೊರಗೆ ಬಂದು, ಚಾರ್ಜರ್ ಸುಮ್ನೆ ಪ್ಲಗ್ಗಿನಲ್ಲೇ ಇದೆ ಅಂತ ಮಕ್ಕಳನ್ನು ಗದರುತ್ತೇವೆ, ಅಲ್ವಾ?

ನನ್ನ ಮಾತು ನಂಬಬೇಕಿಲ್ಲ, ನಿಮ್ಮ ಮನೆಯ ವಿದ್ಯುತ್ ಮೀಟರನ್ನೇ ಕೇಳಿ. ಈಗಿನ ಎಲೆಕ್ಟ್ರಾನಿಕ್ ಮೀಟರುಗಳಲ್ಲಿ ಒಂದು ಪುಟ್ಟ ದೀಪ ಮಿಣುಕುತ್ತಿರುತ್ತದೆ. ಎಷ್ಟು ಸಲ ಮಿಣುಕಿದರೆ ಒಂದು ಯೂನಿಟ್ ಎಂದು ಅದರ ಪಕ್ಕದಲ್ಲೇ ಬರೆದಿರುತ್ತದೆ. 1600 ಇರಬಹುದು, 3200 ಇರಬಹುದು. 3200 ಎಂದು ಬರೆದಿರುವ ಮೀಟರಿನ ಮೇಲೆ ಒಂದೇ ಒಂದು 9 ವ್ಯಾಟಿನ ಬಲ್ಬು ಉರಿಯುತ್ತಿದ್ದರೆ, ಆ ದೀಪ ಎರಡು ನಿಮಿಷಕ್ಕೊಮ್ಮೆ ಮಿಣುಕುತ್ತದೆ. ಕಾಯುತ್ತಾ ನಿಂತರೆ ಬೇಜಾರು ಬರುತ್ತದೆ. ಈಗ ಎರಡು ಕಿಲೋವ್ಯಾಟಿನ ಗೀಸರ್ ಹಾಕಿ. ಸೆಕೆಂಡಿಗೆ ಎರಡರಂತೆ ಪಟಪಟ ಹೊಡೆದುಕೊಳ್ಳುತ್ತದೆ. ಬೆಚ್ಚಗೆ ಮಾಡುವ, ತಣ್ಣಗೆ ಮಾಡುವ ಯಾವುದನ್ನೇ ಹಾಕಿ ಆರಿಸಿ ನೋಡಿದರೂ ಇದೇ ಕಥೆ. ಬಿಲ್ಲು ತಿಂಗಳ ಕೊನೆಗೆ ಎಲ್ಲವನ್ನೂ ಒಟ್ಟುಗೂಡಿಸಿ ಒಂದು ಮೊತ್ತ ಹೇಳುತ್ತದೆ, ಅದರಲ್ಲಿ ಯಾರ ಪಾಲು ಎಷ್ಟು ಅಂತ ತಿಳಿಯುವುದಿಲ್ಲ. ಮೀಟರಿನ ಆ ಪುಟ್ಟ ದೀಪ ಆಗಿಂದಾಗಲೇ ಹೇಳುತ್ತದೆ.

ಇದು ಮನೆಯೊಳಗೆ ಉರಿಯುವುದರ ಲೆಕ್ಕ. ಮನೆಗೆ ಬರುವ ಮೊದಲೇ ಉರಿದು ಮುಗಿದದ್ದು ಇನ್ನೊಂದಿದೆ, ಅದನ್ನು ಯಾವ ಮೀಟರೂ ತೋರಿಸುವುದಿಲ್ಲ. ಮೊಬೈಲನ್ನೇ ತೆಗೆದುಕೊಳ್ಳಿ. ಅದರಿಂದಾಗುವ ಹವಾಮಾನದ ಹೊರೆಯಲ್ಲಿ ಬಹುಪಾಲು ಅದನ್ನು ತಯಾರಿಸುವಾಗಲೇ ಆಗಿಹೋಗಿರುತ್ತದೆ. ಗಣಿಯಲ್ಲಿ, ಚಿಪ್ ಕಾರ್ಖಾನೆಯಲ್ಲಿ. ನಾವು ಚಾರ್ಜ್ ಮಾಡುವುದು ಅದರ ಮುಂದೆ ಸಣ್ಣದು. ಹಾಗಾಗಿ ಫೋನಿನ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಇನ್ನೂ ಎಷ್ಟು ವರ್ಷ ಓಡಿಸಬಹುದು?

ಬಟ್ಟೆಯೂ ಹಾಗೇ. ಒಂದು ಹತ್ತಿ ಟೀಶರ್ಟಿಗೆ ಬೇಕಾಗುವ ನೀರು ಸುಮಾರು 2,500 ಲೀಟರಿನಿಂದ 2,700 ಲೀಟರ್. ಇದರಲ್ಲಿ ಮಳೆನೀರೂ ಸೇರಿದೆ, ಹಾಗಾಗಿ ಮಳೆ ಚೆನ್ನಾಗಿರುವ ಕಡೆ ಬೆಳೆದ ಹತ್ತಿಗೂ ಒಣನೆಲದಲ್ಲಿ ನದಿ ತಿರುಗಿಸಿ ಬೆಳೆದ ಹತ್ತಿಗೂ ಬಹಳ ವ್ಯತ್ಯಾಸ ಇದೆ. ನದಿ ತಿರುಗಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಮಧ್ಯ ಏಷ್ಯಾದ ಅರಲ್ ಸಮುದ್ರವನ್ನು ನೋಡಬೇಕು. ಸಮುದ್ರ ಅಂತ ಹೆಸರು, ನಿಜದಲ್ಲಿ ಸರೋವರ. ಒಂದು ಕಾಲಕ್ಕೆ ಜಗತ್ತಿನ ನಾಲ್ಕನೇ ಅತಿ ದೊಡ್ಡ ಸರೋವರ. 1960ರ ದಶಕದಿಂದ ಸೋವಿಯತ್ ಸರ್ಕಾರ ಅಮು ದರಿಯಾ, ಸಿರ್ ದರಿಯಾ ನದಿಗಳ ನೀರನ್ನು ಮುಖ್ಯವಾಗಿ ಹತ್ತಿ ಹೊಲಗಳಿಗೆ ಹರಿಸಿತು. 2007ರ ಹೊತ್ತಿಗೆ ಸರೋವರ ಮೊದಲಿನ ಹತ್ತರಲ್ಲಿ ಒಂದು ಪಾಲಿಗೆ ಇಳಿದಿತ್ತು. ಮೊಯ್ನಾಕ್ ಎನ್ನುವ ಊರು ಮೀನುಗಾರಿಕೆಯ ಬಂದರಾಗಿತ್ತು. ಈಗಲೂ ಅಲ್ಲಿ ದೋಣಿಗಳಿವೆ, ಮರಳಿನ ಮೇಲೆ ತುಕ್ಕು ಹಿಡಿದು ನಿಂತಿವೆ. ನೀರು ಕಣ್ಣಿಗೆ ಕಾಣದಷ್ಟು ದೂರ ಹೋಗಿದೆ. ಆ ಹತ್ತಿಯ ಬಟ್ಟೆ ತೊಟ್ಟವರಲ್ಲಿ ಎಷ್ಟು ಜನ ಅರಲ್ ಹೆಸರು ಕೇಳಿದ್ದರು? ತಪ್ಪು ಅವರದ್ದು ಅಂತ ನಾನು ಹೇಳುತ್ತಿಲ್ಲ. ಪರಿಣಾಮ ಒಂದು ಕಡೆ, ಕಾರಣ ಇನ್ನೊಂದು ಕಡೆ. ನಡುವೆ ಇಷ್ಟು ದೂರ ಇದ್ದರೆ ಅರಿವು ತಾನಾಗಿ ಹುಟ್ಟುವುದಿಲ್ಲ.

ಹತ್ತಿಯ ಮಾತು ಬಂತಲ್ಲ, ಬಟ್ಟೆ ಚೀಲದ ಬಗ್ಗೆಯೂ ಒಂದು ಮಾತು. ಕೆಲವರಿಗೆ ಇದು ಹಿಡಿಸದೇ ಇರಬಹುದು. ಡೆನ್ಮಾರ್ಕಿನ ಪರಿಸರ ಸಂರಕ್ಷಣಾ ಸಂಸ್ಥೆ 2018ರಲ್ಲಿ ಒಂದು ಹೋಲಿಕೆ ಮಾಡಿತು. ಹವಾಮಾನವೊಂದನ್ನೇ ನೋಡಿದರೆ, ಹತ್ತಿಯ ಚೀಲವನ್ನು 52 ಸಲವಾದರೂ ಬಳಸಿದರೆ ಮಾತ್ರ ಅದು ಅಂಗಡಿಯ ಸಾಧಾರಣ ಪ್ಲಾಸ್ಟಿಕ್ ಚೀಲಕ್ಕೆ ಸಮ. ನೀರು, ಓಜೋನ್ ಪದರ ಹೀಗೆ ಎಲ್ಲ ಅಳತೆಗಳನ್ನೂ ಸೇರಿಸಿದರೆ 7,100 ಸಲ! ಹಾಗಾದರೆ ಪ್ಲಾಸ್ಟಿಕ್ಕೇ ವಾಸಿ ಅಂತಲ್ಲ. ಬೀದಿಗೆ, ಚರಂಡಿಗೆ, ಕಡಲಿಗೆ ಸೇರುವ ಪ್ಲಾಸ್ಟಿಕ್ಕಿನ ಹಾನಿ ಆ ಲೆಕ್ಕದಲ್ಲಿ ಇರಲಿಲ್ಲ. ಆದರೆ ಸಮಾರಂಭಗಳಲ್ಲಿ ಕೊಟ್ಟ ಹತ್ತಿ ಚೀಲಗಳು ಮನೆಯಲ್ಲಿ ರಾಶಿ ಬಿದ್ದಿವೆಯಲ್ಲ, ಅವು ಪರಿಸರಕ್ಕೆ ಮಾಡಿದ ಉಪಕಾರ ಅಂತೂ ಅಲ್ಲ. ಇರುವ ಒಂದನ್ನೇ ಹರಿಯುವವರೆಗೆ ಬಳಸಿದರೆ ಅದಕ್ಕೆ ಅರ್ಥ.

ಊಟದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ಕಸವಾಯಿತು. ಅದರಲ್ಲಿ 60 ಪ್ರತಿಶತ ಮನೆಗಳಿಂದಲೇ. ಬಿಸಾಡಿದ್ದು ಕೊಳೆತು ಮಣ್ಣಾಗುತ್ತದೆ ಬಿಡಿ ಎನ್ನುವವರಿದ್ದಾರೆ. ಗಾಳಿಯಾಡದ ಕಸದ ಗುಡ್ಡದ ಅಡಿಯಲ್ಲಿ ಅದು ಕೊಳೆತಾಗ ಭೂಮಿಯನ್ನು ಬಿಸಿ ಮಾಡುವ ಮೀಥೇನ್ ಅನಿಲ ಬರುತ್ತದೆ. ಅದನ್ನು ಬೆಳೆಯಲು, ಸಾಗಿಸಲು, ಬೇಯಿಸಲು ಖರ್ಚಾದದ್ದು ಬೇರೆ.

ಇನ್ನು ವಿಮಾನ. ಇಲ್ಲಿ ಸಂಖ್ಯೆಗಳು ಸ್ವಲ್ಪ ಮುಜುಗರ ತರುವಂಥವು. ಲಂಡನ್ನಿನಿಂದ ನ್ಯೂಯಾರ್ಕಿಗೆ ಹೋಗಿಬಂದರೆ ಒಬ್ಬ ಪ್ರಯಾಣಿಕನ ಪಾಲಿಗೆ ಬರುವ ಇಂಗಾಲದ ಡೈಆಕ್ಸೈಡ್ ಸುಮಾರು ಒಂದು ಟನ್. ಒಂದು ಟನ್ ಅಂದರೆ ಏನಾಗುತ್ತದೆ? ಡಿರ್ಕ್ ನೋಟ್ಜ್ ಮತ್ತು ಜೂಲಿಯೆನ್ ಸ್ಟ್ರೋವ್ ಎಂಬ ಇಬ್ಬರು ವಿಜ್ಞಾನಿಗಳು 2016ರಲ್ಲಿ ಇದನ್ನು ಲೆಕ್ಕ ಹಾಕಿದರು. ಪ್ರತಿ ಟನ್ನಿಗೆ ಆರ್ಕ್ಟಿಕ್‌ನ ಬೇಸಿಗೆಯ ಕೊನೆಯ ಸಮುದ್ರ ಹಿಮ ಸುಮಾರು 3 ಚದರ ಮೀಟರ್ ಕಡಿಮೆಯಾಗುತ್ತದೆ. ಜಗತ್ತಿನ ಸರಾಸರಿ ಮನುಷ್ಯ ವರ್ಷಕ್ಕೆ ಕಲ್ಲಿದ್ದಲು, ತೈಲ, ಅನಿಲಗಳ ಉರಿಯಿಂದ ಹೊರಬಿಡುವುದು ಐದು ಟನ್ನಿಗಿಂತ ಸ್ವಲ್ಪ ಕಡಿಮೆ. ಅಂದರೆ ತಲೆಗೆ ಸುಮಾರು 14 ಚದರ ಮೀಟರ್ ಹಿಮ, ಪ್ರತಿ ವರ್ಷ. ಪರಿಸರದ ಮೇಲೆ ‘ನನ್ನ’ ಪರಿಣಾಮ ಅನ್ನುವುದನ್ನು ಇಷ್ಟು ನೇರವಾಗಿ ಹೇಳಿದ ಇನ್ನೊಂದು ಸಂಖ್ಯೆ ನನಗೆ ಸಿಕ್ಕಿಲ್ಲ.

ಆದರೆ ಸರಾಸರಿ ಅನ್ನುವುದು ಮೋಸದ ಮಾತು. 2018ರಲ್ಲಿ ವಿಮಾನ ಹತ್ತಿದವರು ಜಗತ್ತಿನ ಜನಸಂಖ್ಯೆಯಲ್ಲಿ ನೂರಕ್ಕೆ 11 ಮಂದಿ ಮಾತ್ರ ಎಂದು ಒಂದು ಅಧ್ಯಯನ ಅಂದಾಜು ಮಾಡಿದೆ. ಪ್ರಯಾಣಿಕರ ವಿಮಾನಗಳಿಂದ ಹೊರಬರುವ ಇಂಗಾಲದ ಡೈಆಕ್ಸೈಡಿನಲ್ಲಿ ಅರ್ಧದಷ್ಟಕ್ಕೆ ಕಾರಣ ಕೇವಲ ಒಂದು ಪ್ರತಿಶತ ಜನ. ಹಾಗಾಗಿ ‘ನಾವೆಲ್ಲರೂ’ ಪರಿಸರ ಹಾಳು ಮಾಡುತ್ತಿದ್ದೇವೆ ಎನ್ನುವ ಮಾತು ಕೇಳಿದಾಗ ನನಗೆ ಸ್ವಲ್ಪ ಕಿರಿಕಿರಿ. ನಾವೆಲ್ಲರೂ ಅಂದರೆ ಯಾರು? ಕಾಲ್ನಡಿಗೆಯಲ್ಲಿ ಕೆಲಸಕ್ಕೆ ಹೋಗುವವರೂ, ಖಾಸಗಿ ವಿಮಾನದಲ್ಲಿ ಹೋಗುವವರೂ ಒಂದೇ ಸಾಲಿನಲ್ಲಾ? ತನ್ನ ಪರಿಣಾಮವನ್ನು ಅರಿಯುವುದು ಅಂದರೆ ಅದು ಚಿಕ್ಕದಾಗಿದ್ದರೆ ಚಿಕ್ಕದು ಅಂತ ತಿಳಿಯುವುದೂ ಹೌದು.

ಇಲ್ಲಿ ಇನ್ನೊಂದು ಸಂಗತಿ ಇದೆ. ಮನುಷ್ಯ ಎಷ್ಟು ನೆಲ, ಎಷ್ಟು ನೀರು ಬಳಸಿಕೊಂಡು ಬದುಕುತ್ತಾನೆ ಎಂದು ಅಳೆಯುವ ದಾರಿಯನ್ನು 1990ರ ದಶಕದಲ್ಲಿ ಕೆನಡಾದ ವಿಲಿಯಂ ರೀಸ್ ಮತ್ತು ಅವರ ವಿದ್ಯಾರ್ಥಿ ಮಥಿಸ್ ವಾಕರ್ನಾಗಲ್ ರೂಪಿಸಿದರು. ಆದರೆ ಪ್ರತಿಯೊಬ್ಬನೂ ತನ್ನ ಇಂಗಾಲದ ಲೆಕ್ಕ ಹಾಕಿಕೊಳ್ಳಬೇಕು ಎನ್ನುವುದನ್ನು 2000ರ ದಶಕದ ಮಧ್ಯದಲ್ಲಿ ಜಾಹೀರಾತು ಕೊಟ್ಟು ಮನೆಮಾತು ಮಾಡಿದ್ದು ಯಾರು? ಬಿಪಿ ಎನ್ನುವ ದೊಡ್ಡ ತೈಲ ಕಂಪನಿ! ತೈಲ ಮಾರುವವರೇ ಕೊಳ್ಳುವವರ ಕೈಗೆ ಲೆಕ್ಕದ ಪುಸ್ತಕ ಕೊಟ್ಟರು. ಜಾಣತನ ಮೆಚ್ಚಬೇಕು.

2020 ನೆನಪಿದೆಯಲ್ಲ. ಕೋಟ್ಯಂತರ ಜನ ಮನೆಯಿಂದ ಹೊರಗೆ ಕಾಲಿಡಲಿಲ್ಲ. ಪ್ರವಾಸ ಇಲ್ಲ, ರಸ್ತೆಗಳು ಖಾಲಿ. ಆ ವರ್ಷ ಇಂಧನಗಳಿಂದ ಬಂದ ಇಂಗಾಲದ ಡೈಆಕ್ಸೈಡ್ ಇಳಿದದ್ದು ಐದು ಪ್ರತಿಶತಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಮಿಕ್ಕದ್ದು ಹೊರಗೆ ಬರುತ್ತಲೇ ಇತ್ತು. ವಿದ್ಯುತ್ ಸ್ಥಾವರಗಳು, ಉಕ್ಕು, ಸಿಮೆಂಟು ಯಾವುದೂ ಪೂರ್ತಿ ನಿಲ್ಲಲಿಲ್ಲ. ಸ್ವಿಚ್ಚು ಒತ್ತುವುದು ನಾವು, ಆ ತಂತಿಯ ಇನ್ನೊಂದು ತುದಿಯಲ್ಲಿ ಕಲ್ಲಿದ್ದಲು ಇದೆಯೋ ಗಾಳಿಯಂತ್ರ ಇದೆಯೋ ಎನ್ನುವುದು ನಮ್ಮ ಸ್ನಾನದ ಮನೆಯಲ್ಲಿ ತೀರ್ಮಾನ ಆಗುವುದಿಲ್ಲ. ಅದಕ್ಕೆ ಮತ ಬೇಕು, ಕಾನೂನು ಬೇಕು, ಜಗಳ ಬೇಕು.

ಹಾಗಾದರೆ ನಾನೊಬ್ಬ ಬದಲಾದರೆ ಏನು ಬಂತು? ಇದು ಎಲ್ಲರೂ ಕೇಳುವ ಪ್ರಶ್ನೆ. ಇದಕ್ಕೆ ಒಂದು ಒಳ್ಳೆಯ ಉತ್ತರ ಹೋಟೆಲಿನ ಟವೆಲ್ಲುಗಳಲ್ಲಿದೆ. 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ. ಪರಿಸರ ಉಳಿಸಲು ಟವೆಲ್ಲನ್ನು ದಿನವೂ ಒಗೆಯಲು ಹಾಕದೆ ಮತ್ತೆ ಬಳಸಿ ಅಂತ ಕೋಣೆಯಲ್ಲಿ ಚೀಟಿ ಇಟ್ಟಾಗ ಸುಮಾರು 35 ಪ್ರತಿಶತ ಜನ ಹಾಗೆ ಮಾಡಿದರು. ಇಲ್ಲಿ ಉಳಿದುಕೊಂಡ ಬಹುಪಾಲು ಅತಿಥಿಗಳು ಮತ್ತೆ ಬಳಸುತ್ತಾರೆ ಅಂತ ಬರೆದಾಗ ಅದು 44 ಆಯಿತು. ಇನ್ನೊಂದು ಸುತ್ತಿನಲ್ಲಿ, ಇದೇ ಕೋಣೆಯಲ್ಲಿ ಇದ್ದವರು ಹಾಗೆ ಮಾಡಿದ್ದಾರೆ ಅಂತ ಬರೆದರು. 49ರ ಹತ್ತಿರ ಬಂತು! ಅದೇ ಕೋಣೆಯಲ್ಲಿ ಹಿಂದೆ ಮಲಗಿದ್ದ ಅಪರಿಚಿತರು ಏನು ಮಾಡಿದರೆ ನಮಗೇನು? ಆದರೂ ನಾವು ಹಾಗೇ ಇದ್ದೇವೆ. ಕ್ಯಾಲಿಫೋರ್ನಿಯಾದಲ್ಲೂ ಇದೇ ಆಯಿತು. ಒಂದು ಬಡಾವಣೆಯಲ್ಲಿ ಕೆಲವರು ಚಾವಣಿ ಮೇಲೆ ಸೋಲಾರ್ ಫಲಕ ಹಾಕಿಸಿದರೆ ಸುತ್ತಮುತ್ತಲಿನವರು ಹಾಕಿಸುವ ಸಾಧ್ಯತೆ ಹೆಚ್ಚುತ್ತದೆ ಎಂದು 2012ರ ಅಧ್ಯಯನವೊಂದು ತೋರಿಸಿತು.

ಹಾಗಾಗಿ ನೀವು ಏನಾದರೂ ಬದಲಾಯಿಸಿಕೊಂಡರೆ ಅದನ್ನು ಮುಚ್ಚಿಡಬೇಡಿ. ಯಾರಾದರೂ ಕೇಳಿದರೆ ಖರ್ಚು ಎಷ್ಟಾಯಿತು, ಏನು ಉಳಿಯಿತು, ಎಲ್ಲಿ ತೊಂದರೆ ಆಯಿತು, ಎಲ್ಲ ಬಿಡಿಸಿ ಹೇಳಿ. ತೊಂದರೆಯನ್ನು ಖಂಡಿತ ಹೇಳಿ, ಆಗಲೇ ಜನ ನಂಬುವುದು. ಉಪದೇಶ ಮಾತ್ರ ಬೇಡ. ಆ ಕೆಲಸಕ್ಕೆ ರೇಡಿಯೊದಲ್ಲಿ ನಮ್ಮಂಥವರು ಇದ್ದೇವೆ.

ನಮಸ್ಕಾರ.