ಬೆಂಗಳೂರಿನ ಕಲ್ಲಿಗೆ ಹವಾಯಿಯಲ್ಲೇನು ಕೆಲಸ?

ನಮಸ್ಕಾರ. ಹವಾಯಿಯ ಕಡಲತೀರ, ಕೊರಳಿಗೆ ಹೂವಿನ ಹಾರ, ಇದೆಲ್ಲ ಬೇರೆ ಚಾನೆಲ್‌ಗಳಲ್ಲಿ ಧಾರಾಳವಾಗಿ ಸಿಗುತ್ತದೆ. ನನ್ನ ತಲೆ ಕೊರೆದದ್ದು ಬೇರೊಂದು ಸಂಗತಿ. ಕವಾಯಿ ದ್ವೀಪದ ವೈಲುವಾ ನದಿಯ ಬಳಿ ಇರೈವನ್ ಎಂಬ ಶಿವಾಲಯವಿದೆ. ಅದರ ಸಾವಿರಾರು ಕಲ್ಲುಗಳನ್ನು ಕೆತ್ತಿದ್ದು ಬೆಂಗಳೂರಿನ ಹೊರವಲಯದಲ್ಲಿ! ಯಾಕೆ, ಅಲ್ಲಿ ಕಲ್ಲಿಗೆ ಬರವೇ?

ಬರವಿಲ್ಲ. ಆದರೆ ಕವಾಯಿ ಸುಮಾರು 50 ಲಕ್ಷ ವರ್ಷ ಹಳೆಯ ಜ್ವಾಲಾಮುಖಿ. ಅಲ್ಲಿರುವುದು ಲಾವಾ ಆರಿ ಗಟ್ಟಿಯಾದ ಬಸಾಲ್ಟ್, ದೇವಾಲಯಕ್ಕೆ ಬೇಕಿದ್ದ ಗ್ರಾನೈಟ್ ಅಲ್ಲ. ಹಾಗಾಗಿ 1990ರಲ್ಲಿ ಬೆಂಗಳೂರಿನ ಹತ್ತಿರ ಶಿಲ್ಪಿಗಳದೇ ಒಂದು ಊರು ಎದ್ದಿತು. ಯಂತ್ರವಿಲ್ಲ, ಉಳಿ ಮತ್ತು ಸುತ್ತಿಗೆ ಮಾತ್ರ. ಗ್ರಾನೈಟ್‌ಗೆ ತಾಗಿ ಮೊಂಡಾದ ಉಳಿಗಳನ್ನು ಕುಲುಮೆಯಲ್ಲಿ ಕಾಯಿಸಿ ಮತ್ತೆ ಮತ್ತೆ ಹರಿತ ಮಾಡುತ್ತಿದ್ದರು. ಕಂಬದ ಸಿಂಹದ ಬಾಯಲ್ಲೊಂದು ಕಲ್ಲಿನ ಗುಂಡು: ಬೆರಳಿನಿಂದ ತಿರುಗಿಸಬಹುದು, ಹೊರಗೆ ತೆಗೆಯಲಾಗದು. ಕೆತ್ತಿದ್ದೆಲ್ಲ ಹಡಗು ಹತ್ತಿತು. ಕುಂಭಾಭಿಷೇಕವಾದದ್ದು 2023ರ ಮಾರ್ಚ್‌ನಲ್ಲಿ. ನಮ್ಮ ಮೇಲ್ಸೇತುವೆ ಕಾಮಗಾರಿಗಳನ್ನು ಬೈಯುವವರು ಸ್ವಲ್ಪ ತಡೆಯಿರಿ, ಈ ದೇವಾಲಯದ ವಿಳಂಬಕ್ಕೆ ಅರ್ಥವಿದೆ.

ಈಗ ನನಗೆ ಅತಿ ಪ್ರಿಯವಾದ ಭಾಗ. ಅದು ಮೇಲೆ ಕಾಣುವುದಿಲ್ಲ, ನೆಲದಡಿ ಇದೆ. ದೇವಾಲಯ ಸಾವಿರ ವರ್ಷ ನಿಲ್ಲಬೇಕು ಎಂಬುದು ಅದನ್ನು ಕಟ್ಟಿಸಿದ ಮಠದವರ ಬೇಡಿಕೆ. ಕ್ಯಾಲಿಫೋರ್ನಿಯಾದ ಬರ್ಕ್‌ಲಿ ವಿಶ್ವವಿದ್ಯಾಲಯದ ಕಾಂಕ್ರೀಟ್ ತಜ್ಞ ಪಿ. ಕುಮಾರ್ ಮೆಹ್ತಾ 1999ರಲ್ಲಿ ಸುಮಾರು 36 ಮೀಟರ್ ಉದ್ದ, 17 ಮೀಟರ್ ಅಗಲದ ತಳಪಾಯ ಹಾಕಿಸಿದರು. ಅದರಲ್ಲಿ ಒಂದೇ ಒಂದು ಕಬ್ಬಿಣದ ಸರಳಿಲ್ಲ! ಕಬ್ಬಿಣ ತುಕ್ಕು ಹಿಡಿದರೆ ಊದುತ್ತದೆ, ಊದಿದರೆ ಕಾಂಕ್ರೀಟ್ ಸೀಳುತ್ತದೆ. ಸರಿ, ಸರಳು ಬೇಡ. ಆದರೆ ಸಿಮೆಂಟ್ ಗಟ್ಟಿಯಾಗುವಾಗ ಬಿಸಿಯಾಗುತ್ತದಲ್ಲ? ತಣ್ಣನೆಯ ಗಾಜಿನ ಲೋಟಕ್ಕೆ ಕುದಿಯುವ ಕಾಫಿ ಸುರಿದು ನೋಡಿ. (ಬೇಡ, ನೋಡಬೇಡಿ. ನಮ್ಮ ಮನೆಯಲ್ಲಿ ಒಂದು ಲೋಟ ಕಡಿಮೆಯಾಗಿದೆ.) ಒಳಗೆ ಬಿಸಿ, ಹೊರಗೆ ತಂಪು, ಚಟ್ ಎಂದು ಬಿರುಕು. ದಪ್ಪ ಕಾಂಕ್ರೀಟಿನ ಕಷ್ಟವೂ ಇದೇ. ಮೆಹ್ತಾ ಅರ್ಧಕ್ಕಿಂತ ಹೆಚ್ಚು ಸಿಮೆಂಟಿನ ಜಾಗಕ್ಕೆ ಹಾರುಬೂದಿ, ಅಂದರೆ ಕಲ್ಲಿದ್ದಲು ಸುಟ್ಟಾಗ ಏಳುವ ನುಣ್ಣನೆಯ ಬೂದಿ, ಬೆರೆಸಿದರು. ರಾಯಚೂರಿನವರಿಗೆ ಹಾರುಬೂದಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಇಂಥ ಮಿಶ್ರಣ ನಿಧಾನವಾಗಿ ಗಟ್ಟಿಯಾಗುತ್ತದೆ, ಅಷ್ಟಾಗಿ ಬಿಸಿಯಾಗುವುದಿಲ್ಲ, ವರ್ಷ ಕಳೆದಂತೆ ಬಲಿಯುತ್ತಲೇ ಹೋಗುತ್ತದೆ.

ಸಂಪಾದಕರು ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದು ಚುಟುಕಾಗಿ.

ಇದೇ ದ್ವೀಪದ ವೈಮೇಯ ನದಿ ಕಡಲು ಸೇರುವಲ್ಲಿ ನಕ್ಷತ್ರಾಕಾರದ ಕೋಟೆಯೊಂದರ ಅವಶೇಷವಿದೆ, ಅದೂ ರಷ್ಯನ್ ಹೆಸರಿನದು! ಮುರಿದ ಹಡಗಿನ ಸರಕು ವಸೂಲಿಗೆಂದು ಬಂದ ಶೇಫರ್ ಎಂಬ ವೈದ್ಯ, ಕವಾಯಿಯ ದೊರೆ ಕೌಮುಅಲಿಇಯ ಸ್ನೇಹ ಬೆಳೆಸಿ, ರಷ್ಯಾದ ಬಾವುಟವನ್ನೇ ಏರಿಸಿಬಿಟ್ಟ. 1817ರಲ್ಲಿ ಅವನನ್ನು ಓಡಿಸಿದರು. ಇಂದು ಆ ಜಾಗಕ್ಕೆ ಹವಾಯಿಯನ್ ಹೆಸರು, ಪಾಉಲಾಉಲಾ. ಅಲ್ಲಿ ದೊರೆಯ ಪ್ರತಿಮೆಯೂ ನಿಂತಿದೆ.

ಹುಲೆಇಯಾ ನದಿಯ ಪಕ್ಕದ ಅಲೆಕೊಕೊ ಮೀನುಕೊಳದ ಗೋಡೆಯನ್ನು ಮೆನೆಹುನೆ ಎಂಬ ಗಿಡ್ಡ ಜನ ಸಾಲಾಗಿ ನಿಂತು, ಕೈಯಿಂದ ಕೈಗೆ ಕಲ್ಲು ದಾಟಿಸಿ, ಒಂದೇ ರಾತ್ರಿಯಲ್ಲಿ ಕಟ್ಟಿದರಂತೆ. ನೋಡಬಾರದು ಎಂಬ ಷರತ್ತು ಮುರಿದು ಇಣುಕಿದ ಅಣ್ಣ ತಂಗಿ ಕಲ್ಲಾದರಂತೆ.

ಮೆನೆಹುನೆಗಳ ಹೆಸರಿನಿಂದಲೂ ಕರೆಯುವ ಕಿಕಿಯಾವೊಲಾ ಕಾಲುವೆ ವೈಮೇಯದಲ್ಲಿದೆ. ಹವಾಯಿಯಲ್ಲಿ ಅಪರೂಪವಾದ, ಚೌಕವಾಗಿ ತಿದ್ದಿದ ಕಲ್ಲುಗಳು. ಬಹುಪಾಲು ರಸ್ತೆಯ ಕೆಳಗೆ ಹೂತುಹೋಗಿದೆ. ರಸ್ತೆಯಂಚಿನಲ್ಲಿ ಉಳಿದಿರುವ ಸಾಲಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ನೋಡಿ: ಒಂದು ಕಲ್ಲಿನ ಮೂಲೆ ಪಕ್ಕದ ಕಲ್ಲು ಕೂರುವಷ್ಟೇ ಕೊರೆದಿದೆ.