ಕಗ್ಗಲಡುವಿನ ಕೊಕ್ಕರೆ ಮರಿಗಳು

ನಮಸ್ಕಾರ ಕೇಳುಗರೇ. ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನಲ್ಲಿ ಕಗ್ಗಲಡು ಅಂತ ಒಂದು ಊರಿದೆ. ಅಲ್ಲಿ ಹಕ್ಕಿ ಮರಿ ಬೆಳೆಯುವುದನ್ನು ನೋಡಲು ಕಾಡು ಸುತ್ತಬೇಕಿಲ್ಲ. ಊರಿನ ಹುಣಸೆ ಮರಗಳತ್ತ ಕತ್ತೆತ್ತಿದರೆ ಸಾಕು. ಬಣ್ಣದ ಕೊಕ್ಕರೆಗಳು ಅಲ್ಲಿ ಗೂಡು ಕಟ್ಟುತ್ತವೆ. ಬೂದು ಬಕಗಳೂ ಅಲ್ಲೇ ಬಿಡಾರ ಹೂಡುತ್ತವೆ. ಊರಿನವರು ಓಡಿಸುವುದಿಲ್ಲ.

ದೊಡ್ಡ ಕೊಕ್ಕರೆಗೆ ಹೆಚ್ಚುಕಡಿಮೆ ದನಿಯೇ ಇಲ್ಲ. ಕೊಕ್ಕನ್ನು ಪಟಪಟ ಬಡಿಯುತ್ತದೆ, ಅಷ್ಟೇ. ಗಲಾಟೆಯೆಲ್ಲ ಮರಿಗಳದ್ದು.

ಊಟದ ಹೊತ್ತು ನೋಡಬೇಕು. ಅಪ್ಪನೋ ಅಮ್ಮನೋ, ಕೆಳಗಿನಿಂದ ನೋಡಿದರೆ ಇಬ್ಬರೂ ಒಂದೇ ಥರ, ಕೆರೆಯಿಂದ ಬಂದು ಗೂಡಿನ ಅಂಚಿಗೆ ಇಳಿಯುತ್ತದೆ. ಮರಿಗಳು ಅರಚುತ್ತಾ ಮುತ್ತಿಕೊಳ್ಳುತ್ತವೆ. ದೊಡ್ಡದು ತಲೆ ಬಗ್ಗಿಸಿ, ನುಂಗಿ ತಂದ ಮೀನನ್ನೆಲ್ಲ ಗೂಡಿನ ನಡುವೆ ಕಕ್ಕುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು. ಬಾಯಿಗೆ ತುತ್ತಿಡುವ ಪದ್ಧತಿ ಇವರಲ್ಲಿಲ್ಲ. ಮರಿ ತಾನೇ ಹೆಕ್ಕಿ ತಿನ್ನಬೇಕು. ಮೊಟ್ಟೆಗಳು ಒಂದೇ ದಿನ ಒಡೆಯುವುದಿಲ್ಲವಲ್ಲ, ಹಾಗಾಗಿ ಮೊದಲು ಹುಟ್ಟಿದ್ದು ದಪ್ಪಗಿರುತ್ತದೆ, ಮೊದಲು ನುಗ್ಗುತ್ತದೆ. ಕಡೆಯದಕ್ಕೆ ಮಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ. ಕೆರೆ ಬತ್ತಿದ ವರ್ಷ ಅದರ ಪಾಡು ಕೇಳುವುದೇ ಬೇಡ. ನೋಡುವವರಿಗೆ ಹೊಟ್ಟೆ ಚುರುಕ್ಕನ್ನುತ್ತದೆ. ಅಪ್ಪ ಅಮ್ಮ ಮಾತ್ರ ಪಂಚಾಯ್ತಿಗೆ ಬರುವುದಿಲ್ಲ.

ಹಾಗಂತ ಅವರನ್ನು ಕಲ್ಲುಮನಸ್ಸಿನವರು ಅನ್ನೋಕಾಗಲ್ಲ. ಶಿರಾ ಸೀಮೆಯ ಬಿಸಿಲು ಗೊತ್ತಲ್ವಾ? ನಡುಮಧ್ಯಾಹ್ನ ಗೂಡಿನ ಮೇಲೆ ಎಲೆ ಮರೆಯೂ ಇರುವುದಿಲ್ಲ. ಆಗ ದೊಡ್ಡ ಕೊಕ್ಕರೆ ಬಿಸಿಲಿಗೆ ಬೆನ್ನು ಕೊಟ್ಟು, ಎರಡೂ ರೆಕ್ಕೆ ಬಿಚ್ಚಿ ಕೊಡೆ ಹಿಡಿದ ಹಾಗೆ ನಿಲ್ಲುತ್ತದೆ. ಮರಿಗಳು ಆ ನೆರಳಲ್ಲಿ ಮುದುರಿಕೊಳ್ಳುತ್ತವೆ. ತನ್ನ ಸೆಕೆಗೆ ಅದು ಮಾಡಿಕೊಳ್ಳುವ ಉಪಾಯ ಒಂದಿದೆ: ತನ್ನ ಕಾಲಿನ ಮೇಲೆ ತಾನೇ ಹಿಕ್ಕೆ ಹಾಕಿಕೊಳ್ಳುವುದು. ಅದರ ತೇವ ಆರುವಾಗ ಮೈ ತಂಪಾಗುತ್ತದೆ. ಗುಲಾಬಿ ಬಣ್ಣದ ಕಾಲು ಸುಣ್ಣ ಬಳಿದಂತೆ ಕಾಣುವುದು ಅದಕ್ಕೇ. ಅಂದರೆ ನೆರಳಿಗೆ ಲೆಕ್ಕವಿಲ್ಲ, ಊಟದಲ್ಲಿ ಮಾತ್ರ ಮುದ್ದಿಲ್ಲ. ನನಗೆ ಈ ಜೋಡಿಯಲ್ಲಿ ಜಾಸ್ತಿ ಹಿಡಿಸಿದ್ದು ಇದೇ.

ಸುಮಾರು 60 ದಿನಕ್ಕೆ ಮರಿ ಹಾರುತ್ತದೆ. ಅಷ್ಟರಲ್ಲಿ ಬಿಳಿ ತುಪ್ಪಳ ಹೋಗಿ ಮಾಸಲು ಕಂದು ಗರಿ ಬಂದಿರುತ್ತದೆ. ಬೆನ್ನ ಹಿಂದಿನ ಆ ಚೆಂದದ ಗುಲಾಬಿ ಗರಿಗೆ ಇನ್ನೂ 2-3 ವರ್ಷ ಕಾಯಬೇಕು. ಮೀನು ಹಿಡಿಯುವ ಪಾಠವೂ ಬಾಕಿ. ಕಲಕು ನೀರಲ್ಲಿ ಕೊಕ್ಕನ್ನು ಅರ್ಧ ತೆರೆದು ಆಡಿಸುತ್ತಾ, ಮೀನು ತಗುಲಿದ ಕೂಡಲೇ ಗಬಕ್ಕನೆ ಮುಚ್ಚಬೇಕು. ಕಣ್ಣಿಗಿಂತ ಸ್ಪರ್ಶವೇ ಮುಖ್ಯ.

ನೋಡೋಕೆ ಹೋದರೆ ಮರಕ್ಕೆ ಕಲ್ಲು ಬೀಸುವುದು, ಚಪ್ಪಾಳೆ ತಟ್ಟುವುದು ಬೇಡ. ಹೆದರಿದ ಮರಿ ತಿಂದದ್ದನ್ನೆಲ್ಲ ಕಕ್ಕಿ, ಸತ್ತ ಹಾಗೆ ಗೂಡಿನಲ್ಲಿ ಮಲಗಿಬಿಡುತ್ತದೆ. ಅದರ ಒಂದು ಹೊತ್ತಿನ ಊಟ ಹೋಯಿತು. ಆ ಮೀನು ನಿಮ್ಮ ಅಂಗಿ ಮೇಲೆ ಬಿದ್ದರೆ, ವಾಸನೆ ಸುಲಭಕ್ಕೆ ಹೋಗುವಂಥದ್ದಲ್ಲ.