ಮೂರನೆಯ ಕಾರ್ನೆಟ್ಟಿನ ಪಾಲು

ಕೇಳುಗರೆ, ನಮಸ್ಕಾರ.

ಸಭಾಂಗಣದ ನಡುವೆ ಸುತ್ತಲೂ ಪರದೆ ಎಳೆದ ಒಂದು ಗೂಡು. ಒಳಗೆ ಇಬ್ಬರೋ ಮೂವರೋ ತೀರ್ಪುಗಾರರು. ಮೇಜಿನ ಮೇಲೆ ಸ್ವರಲಿಪಿ, ಪೆನ್ಸಿಲು. ಈಗ ನುಡಿಸುತ್ತಿರುವುದು ಯಾವ ಊರಿನ ತಂಡ, ಅದರ ನಿರ್ದೇಶಕರು ಯಾರು, ಕೋಟಿನ ಬಣ್ಣ ಯಾವುದು, ಒಂದೂ ಅವರಿಗೆ ಕಾಣದು. ಸರದಿಯನ್ನು ಚೀಟಿ ಎತ್ತಿ ಗೊತ್ತುಮಾಡಿರುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಒಂದೇ ಕೃತಿಯನ್ನು ಹತ್ತಾರು ತಂಡಗಳು ನುಡಿಸುತ್ತವೆ. ಹದಿನೇಳನೆಯ ಸಲ ಅದನ್ನೇ ಕೇಳುವುದು ಗೌರವವೋ ಶಿಕ್ಷೆಯೋ ಎಂದು ಆ ಗೂಡಿನೊಳಗೆ ಕುಳಿತವರೇ ಹೇಳಬೇಕು.

ಇದು ಇಂಗ್ಲೆಂಡಿನ ಬ್ರಾಸ್ ಬ್ಯಾಂಡ್ ಸ್ಪರ್ಧೆ. ಮೈಸೂರಿನ ದಸರೆಯಲ್ಲಿ ಪೊಲೀಸ್ ಬ್ಯಾಂಡ್ ಕೇಳಿದವರು ಒಂದು ವ್ಯತ್ಯಾಸ ಗಮನಿಸಬೇಕು: ಇಲ್ಲಿ ಕ್ಲಾರಿನೆಟ್ ಇಲ್ಲ, ಕೊಳಲಿಲ್ಲ. ತಾಳವಾದ್ಯ ಬಿಟ್ಟರೆ ಉಳಿದದ್ದೆಲ್ಲ ಹಿತ್ತಾಳೆ. ಗಣಿ ಮತ್ತು ಗಿರಣಿಗಳ ಕೆಲಸಗಾರರು ಬೆಳೆಸಿದ ಸಂಗೀತ ಇದು. 1853ರಲ್ಲಿ ಮ್ಯಾಂಚೆಸ್ಟರಿನ ಬೆಲ್ ವ್ಯೂ ಉದ್ಯಾನದಲ್ಲಿ ನಡೆದ ಸ್ಪರ್ಧೆಯಿಂದ ಈ ಪರಂಪರೆಗೆ ಗಟ್ಟಿಯಾದ ನೆಲೆ ಸಿಕ್ಕಿತು. ಅಂದು ಗೆದ್ದದ್ದು ಮೋಸ್ಲಿ ಎಂಬ ಊರಿನ ಪಾನವಿರೋಧಿಗಳ ಬ್ಯಾಂಡು. ತಾಲೀಮು ಮುಗಿದೊಡನೆ ಬ್ಯಾಂಡಿನವರು ಎಲ್ಲಿಗೆ ನಡೆಯುತ್ತಾರೆ ಎಂದು ಬಲ್ಲವರಿಗೆ ಇದು ಸ್ವಲ್ಪ ನಗು ತರಿಸುವ ಸಂಗತಿ.

ಸ್ಪರ್ಧೆ ಎಂದ ಮೇಲೆ ಕಳ್ಳದಾರಿಗಳೂ ಇದ್ದೇ ಇರುತ್ತವೆ. ದುಡ್ಡು ಕೊಟ್ಟು ಹೊರಗಿನ ನುರಿತ ವಾದಕನನ್ನು ಒಂದು ದಿನದ ಮಟ್ಟಿಗೆ ಕರೆತರುವುದು ಅವುಗಳಲ್ಲಿ ಹಳೆಯದು. ಅದಕ್ಕೆ ಕಡಿವಾಣವಾಗಿ ವಾದಕರ ಹೆಸರು ನೋಂದಣಿಯಾಗಬೇಕೆಂಬ ನಿಯಮ ಬಂತು. ಪರದೆಯ ಹಿಂದಿನ ಕಿವಿ ಮತ್ತು ನೋಂದಣಿಯ ಪಟ್ಟಿ, ಇವೆರಡೂ ಹೊರಗಿನಿಂದ ಬರುವ ಮೋಸವನ್ನು ತಡೆಯುವ ಬೇಲಿಗಳು. ಬೇಲಿಯ ಒಳಗೇ, ಒಬ್ಬರು ನುಡಿಸಬೇಕಾದ ಪಾಲನ್ನು ಅದೇ ತಂಡದ ಇನ್ನೊಬ್ಬರಿಗೆ ದಾಟಿಸುವ ಅದಲುಬದಲಿನ ಮಾತು ಬೇರೆ.

ಒಂದು ಬ್ಯಾಂಡಿನಲ್ಲಿ ಸಾಮಾನ್ಯವಾಗಿ 25 ಹಿತ್ತಾಳೆ ವಾದಕರು. ತುತ್ತೂರಿಯಂಥ ಚಿಕ್ಕ ವಾದ್ಯವಾದ ಕಾರ್ನೆಟ್ಟಿನವರೇ ಹತ್ತು ಮಂದಿ. ತಾರಕದಲ್ಲಿ ಒಬ್ಬಂಟಿಯಾಗಿ ಸೊಪ್ರಾನೊ, ಸೋಲೋ ಸಾಲಿನಲ್ಲಿ ನಾಲ್ವರು, ಅವರಿಗೂ ಕೆಳಸಾಲಿನವರಿಗೂ ನಡುವೆ ರೆಪಿಯಾನೊ ಎಂಬ ಒಬ್ಬರು, ಎರಡನೆಯ ಮತ್ತು ಮೂರನೆಯ ಕಾರ್ನೆಟ್ಟಿಗೆ ಇಬ್ಬಿಬ್ಬರು. ಆಮೇಲೆ ಫ್ಲೂಗಲ್, ಟೆನರ್ ಹಾರ್ನ್, ಬ್ಯಾರಿಟೋನ್, ಯೂಫೋನಿಯಂ, ಟ್ರಾಂಬೋನ್, ಕೊನೆಗೆ ನಾಲ್ಕು ಭಾರಿ ಬಾಸ್. ಬಾಸ್ ಟ್ರಾಂಬೋನ್ ಒಂದನ್ನು ಬಿಟ್ಟು ಎಲ್ಲರ ಹಾಳೆಯೂ ಒಂದೇ ರೀತಿಯ ಲಿಪಿಯಲ್ಲಿರುತ್ತದೆ. ಬೆರಳಿನಿಂದ ಒತ್ತುವ ವಾಲ್ವ್ ಇರುವ ವಾದ್ಯಗಳಲ್ಲಿ ಬೆರಳಿನ ವಿನ್ಯಾಸವೂ ಒಂದೇ. ಹತ್ತನೆಯ ವಯಸ್ಸಿನಲ್ಲಿ ಕಾರ್ನೆಟ್ ಹಿಡಿದವನು ನಲವತ್ತರಲ್ಲಿ ಹೊಸ ಲಿಪಿ ಕಲಿಯದೆಯೇ ಬಾಸ್ ಎತ್ತಿಕೊಳ್ಳಬಹುದು. ಹಳ್ಳಿಯ ಬ್ಯಾಂಡುಗಳು ಬದುಕಿ ಉಳಿಯಲು ಈ ಅನುಕೂಲವೂ ಒಂದು ಕಾರಣ. ಪಾಲು ಬದಲಿಸುವ ಆಸೆ ಹುಟ್ಟುವುದೂ ಇದರಿಂದಲೇ.

ಕೆಲವು ಬದಲಾವಣೆಗಳಿಗೆ ಯಾರೂ ತಕರಾರು ಎತ್ತುವುದಿಲ್ಲ. ತುಟಿಯೂ ಸ್ನಾಯುವೇ, ದಣಿಯುತ್ತದೆ. ಮುಖ್ಯ ಕಾರ್ನೆಟ್ಟಿನವನು ಮುಂದಿನ ಏಕವಾದನಕ್ಕೆ ಉಸಿರು ಕೂಡಿಸಿಕೊಳ್ಳುವಾಗ ಪಕ್ಕದವನು ಅವನ ಸಾಲನ್ನು ಹೊರುತ್ತಾನೆ. ಬ್ಯಾಂಡಿನ ಆಡುಮಾತಿನಲ್ಲಿ ಅವನು 'ಬಂಪರ್ ಅಪ್'. ಧಾರವಾಡದ ಬೈಠಕ್ಕಿನಲ್ಲಿ ಗುರು ದಣಿವಾರಿಸಿಕೊಳ್ಳುವಾಗ ಹಿಂದೆ ತಂಬೂರಿ ಹಿಡಿದ ಶಿಷ್ಯ ಸ್ವರ ಹಿಡಿದು ನಿಲ್ಲುವುದಿಲ್ಲವೇ, ಹಾಗೆಯೇ ಇದು. ಅದನ್ನು ಮೋಸ ಎನ್ನಲು ಮನಸ್ಸು ಬರುವುದಿಲ್ಲ.

ಬ್ಯಾರಿಟೋನಿನ ಕಠಿಣ ಸಾಲನ್ನು ಸದ್ದಿಲ್ಲದೆ ಯೂಫೋನಿಯಂಗೆ ದಾಟಿಸಿದರೆ? ಎರಡರ ಶ್ರುತಿ ಒಂದೇ. ಕೊಳವೆ ಮಾತ್ರ ಯೂಫೋನಿಯಂನದು ಅಗಲ, ಹಾಗಾಗಿ ದನಿ ದಪ್ಪ, ದುಂಡು. ಬ್ಯಾರಿಟೋನಿನ ತೆಳು ಬಣ್ಣವನ್ನು ಬಯಸಿಯೇ ಬರೆದ ಸಂಗೀತಗಾರನಿಗೆ ಇದು ಅನ್ಯಾಯ ಎಂಬುದು ನನ್ನ ಅಭಿಪ್ರಾಯ. ಎದುರಾಳಿಗೂ ಅನ್ಯಾಯವೇ, ಏಕೆಂದರೆ ಅವರ ಬ್ಯಾರಿಟೋನಿನವನು ಅದೇ ಸಾಲಿಗಾಗಿ ವಾರಗಟ್ಟಲೆ ಬೆವರು ಸುರಿಸಿರುತ್ತಾನೆ. ಪರದೆಯ ಹಿಂದಿನವರಿಗೆ ಕೈ ಕಾಣದು. ಬಣ್ಣದ ವ್ಯತ್ಯಾಸ ಕಿವಿಗೆ ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ.

ಆದರೆ ನನ್ನನ್ನು ಹೆಚ್ಚು ಕಾಡುವುದು ಕೆಳಗಿನ ದರ್ಜೆಗಳ ಕಥೆ. ಬ್ರಿಟನ್ನಿನ ಬ್ಯಾಂಡುಗಳಿಗೆ ಚಾಂಪಿಯನ್‌ಷಿಪ್ ದರ್ಜೆಯಿಂದ ನಾಲ್ಕನೆಯ ದರ್ಜೆಯವರೆಗೆ ಏಣಿಯಿದೆ. ಆ ನಾಲ್ಕನೆಯ ಮೆಟ್ಟಿಲಿನಲ್ಲಿ ಮೂರನೆಯ ಕಾರ್ನೆಟ್ ಹಿಡಿದಿರುವುದು ಹೆಚ್ಚಾಗಿ ಶಾಲೆಗೆ ಹೋಗುವ ಮಗು, ಇಲ್ಲವೇ ನಿವೃತ್ತಿಯ ನಂತರ ಕಲಿಯಲು ಬಂದವರು. ತಾಲೀಮಿನಲ್ಲಿ ಎಡವಿದ ನಾಲ್ಕು ಆವರ್ತಗಳ ಮೇಲೆ ನಿರ್ದೇಶಕರು ಪೆನ್ಸಿಲಿನಿಂದ ಗೆರೆ ಎಳೆದು, "ಇದನ್ನು ರೆಪಿಯಾನೊ ನುಡಿಸಲಿ, ನೀನು ಸುಮ್ಮನಿರಮ್ಮ" ಎನ್ನುತ್ತಾರೆ. ಮುಂದಿನ ವಾರ ಇನ್ನೆಂಟು ಆವರ್ತಗಳ ಮೇಲೆ ಗೆರೆ. ನಿಯಮ ಮುರಿದಿಲ್ಲ, ಹೊರಗಿನವರು ಯಾರೂ ಬಂದಿಲ್ಲ, ನೋಂದಾಯಿತ ಹೆಸರುಗಳೆಲ್ಲ ವೇದಿಕೆಯ ಮೇಲಿವೆ. ಒಂದು ಕಾರ್ನೆಟ್ ಮಾತ್ರ ತೊಡೆಯ ಮೇಲಿದೆ.

ಸ್ಪರ್ಧೆ ಮುಗಿದ ಮೇಲೆ ಪರದೆಯೊಳಗಿನಿಂದ ಷರಾ ಬರೆದ ಹಾಳೆ ಬರುತ್ತದೆ. ಬಸ್ಸಿನಲ್ಲಿ ಮರಳುವಾಗ ಅದು ಕೈಯಿಂದ ಕೈಗೆ ದಾಟುತ್ತದೆ. 'ಕೆಳಸಾಲಿನ ಕಾರ್ನೆಟ್ಟುಗಳು ಸ್ವಚ್ಛವಾಗಿವೆ' ಎಂದು ಅದರಲ್ಲಿ ಬರೆದಿದ್ದರೆ ಬಸ್ಸೆಲ್ಲ ಚಪ್ಪಾಳೆ ತಟ್ಟುತ್ತದೆ. ಹಿಂದಿನ ಸೀಟಿನಲ್ಲಿ ಕುಳಿತ ಹುಡುಗಿಯೂ ತಟ್ಟುತ್ತಾಳೆ.

ನಮಸ್ಕಾರ.